ಮೂರು ವರ್ಷ ನಾನೇ ಕಂಬ ಹತ್ತಿದ ಕಾರಣ

ನನ್ನ ನಿವೃತ್ತಿ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಲೋಕೇಶ ಸಾಹೇಬರೇ, ಒತ್ತಡದ ಬಗ್ಗೆ ಇಷ್ಟು ಚೆನ್ನಾಗಿ ತಿಳಿಹೇಳಿದ ಡಾಕ್ಟರ್ ಮೇಡಂ ಅವರೇ, ಕರೆಂಟ್ ಹೋದಾಗಲೆಲ್ಲ ನನ್ನನ್ನು ನೆನೆಯುವ, ಕ್ಯಾಸಲ್‌ರಾಕ್ ಸೀಮೆಯ ನಮ್ಮ ರಾಮನಗರದ ಸಭಿಕರೇ,

ಕೆಲಸ, ಮನೆ, ಅವಸರ, ಮೊಬೈಲು, ಇವೇ ಒತ್ತಡಕ್ಕೆ ಕಾರಣ ಎಂದರು ಮೇಡಂ. ಲೈನ್‌ಮನ್‌ಗೆ ಈ ನಾಲ್ಕೂ ಒಂದೇ ಕಿಸೆಯಲ್ಲಿ ರಿಂಗಾಗುತ್ತವೆ! ಕರೆಂಟ್ ಇರುವಾಗಲೂ ಫೋನ್ ಮಾಡಿ, "ಯಾವಾಗ ತೆಗೀತೀರಿ?" ಎಂದು ಕೇಳಿದ ಪುಣ್ಯಾತ್ಮರು ಇಲ್ಲೇ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ.

ಸಾಹೇಬರು ನನ್ನನ್ನು ಹೊಗಳಿದರು: "ಅಡಿವೆಯ್ಯನವರು ಅರವತ್ತು ಸಮೀಪಿಸಿದರೂ ಕಿರಿಯರನ್ನು ಹತ್ತಿಸದೆ ತಾವೇ ಕಂಬ ಹತ್ತುತ್ತಿದ್ದರು." ನೀವು ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆ ನನಗೆ ಸಲ್ಲದು. ಯಾಕೆ ಹತ್ತಿದೆ? ಹೇಳಿಯೇ ಬಿಡುತ್ತೇನೆ.

ಮೂರು ವರ್ಷದ ಹಿಂದೆ ಕ್ಯಾಸಲ್‌ರಾಕ್ ದಾರಿಯಲ್ಲಿ ತಂತಿಯ ಮೇಲೆ ಬಿದಿರು ಬಿದ್ದಿತ್ತು. ಸಬ್‌ಸ್ಟೇಷನ್‌ಗೆ ಹೇಳಿ ಲೈನ್ ಬಂದ್ ಮಾಡಿಸಿ, ನನ್ನ ಜೊತೆಗಾರ ರೋಹಿದಾಸನನ್ನು ಕಂಬಕ್ಕೆ ಹತ್ತಿಸಿದೆ. ಕೆಳಗೆ ನನ್ನ ಫೋನ್ ಸುಮ್ಮನಾಗಲೊಲ್ಲದು. ಈರಕ್ಕನ ಮನೆಯಲ್ಲಿ ಮದುವೆ. "ಯಪ್ಪಾ, ಬೀಗರು ಊಟಕ್ಕ ಕುಂತಾರ, ಫ್ಯಾನ್ ಇಲ್ಲ, ನಮ್ಮ ಮರ್ಯಾದಿ ಹೋಗ್ತೈತಿ!" ಏಳನೇ ಸಲ ಹಾಗೆಂದಾಗ ನನಗೆ ತಲೆ ಕೆಟ್ಟುಹೋಯಿತು. ಬಿದಿರು ಕೆಳಗೆ ಬಿದ್ದದ್ದೇ ತಡ, ಸಬ್‌ಸ್ಟೇಷನ್‌ಗೆ ಫೋನ್ ಹಚ್ಚಿ, "ನಮ್ಮಾಂವ ಇಳದಾನ, ಲೈನ್ ಬಿಡ್ರಿ" ಎಂದು ಜೋರಾಗಿ ಹೇಳಿಬಿಟ್ಟೆ. ತಲೆ ಎತ್ತಿದರೆ ಅವನಿನ್ನೂ ಕಂಬದ ಮೇಲೆ! ಮತ್ತೆ ಹಚ್ಚಿದರೆ ಅವರ ಫೋನ್ ಬಿಜಿ. ಕೂಗಲೆಂದು ಕಂಬದತ್ತ ಓಡಿದೆ. ಅಷ್ಟರಲ್ಲಿ ರೋಹಿದಾಸ ತಾನಾಗಿಯೇ ಸರಸರನೆ ಜಾರಿ ನೆಲ ಮುಟ್ಟಿದ. ಮರುಗಳಿಗೆಯೇ ಲೈನ್ ಬಂತು.

ಯಾರಿಗೂ ಹೇಳಲಿಲ್ಲ. ಅವನಿಗೂ ಹೇಳಲಿಲ್ಲ. ಮರುದಿನದಿಂದ ಅವನನ್ನು ಕೆಳಗೆ ನಿಲ್ಲಿಸಿ ನಾನೇ ಹತ್ತಿದೆ. ಫೋನ್ ರಿಂಗಾದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ಇಂದು ಬೆಳಗ್ಗೆ ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಏನೆಂದ ಗೊತ್ತೇ? "ನಿಮ್ಮ ಮಾತು ನನಗ ಮ್ಯಾಲ ಕೇಳಿಸಿತ್ರಿ ಅಣ್ಣಾರ. ಕೇಳಿಸಿದ್ದಕ್ಕ ಇಳದು ಉಳಕೊಂಡೆ. ಸಿಟ್ಟು ಭಾಳ ಇತ್ತು. ನೀವಾಗೇ ಬಂದು ಹೇಳ್ಲಿ ಅಂತ ಕಾದೆ. ಅವತ್ತೇ ಹೇಳಿದ್ರ ನಿಮ್ಮ ಮೊಣಕಾಲಾದ್ರೂ ಉಳೀತಿದ್ವು!" ಇಬ್ಬರೂ ನಕ್ಕೆವು. ನಾನು ಅತ್ತೂಬಿಟ್ಟೆ. ಎಷ್ಟು ಹಗುರಾಯಿತು ಮೇಡಂ, ಯಾವ ಗುಳಿಗೆಯೂ ಬೇಕಾಗಲಿಲ್ಲ.

ಶಾಲು ಹೊದಿಸಿ ಹಾರ ಹಾಕಿದ ನಿಮಗೆಲ್ಲ ನಾನು ಋಣಿ. ನಾಳೆಯಿಂದ ನನ್ನ ಜಾಗದಲ್ಲಿ ರೋಹಿದಾಸ ಇರುತ್ತಾನೆ. ಅವನು ಫೋನ್ ಎತ್ತದಿದ್ದರೆ ಬೈಯಬೇಡಿ, ಕಂಬದ ಮೇಲಿದ್ದಾನೆ ಎಂದುಕೊಳ್ಳಿ. ಮೊದಲು ಅವನು ಇಳಿಯಲಿ. ನಮಸ್ಕಾರ.