ಮದ್ರಾಸಕ್ಕನ ಮಗನ ಹೆಸರು

ವೇದಿಕೆಯ ಅಧ್ಯಕ್ಷರಾದ ಪರಮಶಿವಯ್ಯನವರೇ, ಈಗಷ್ಟೇ ನನಗೆ ಶಾಲು ಹೊದಿಸಿದ ಮುಖ್ಯ ಅತಿಥಿಗಳಾದ ಮನೋವೈದ್ಯ ಡಾಕ್ಟರ್ ಚಂದ್ರಮೌಳಿಯವರೇ, ಹೊಳೆನರಸೀಪುರದ ಹಿರಿಯರೇ, ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬಸ್ಸು ಹಿಡಿದು ಬಂದಿರುವ ನಮ್ಮ ಹಕ್ಕಿಪಿಕ್ಕಿ ಅಕ್ಕತಂಗಿಯರೇ, ಆಚೆಯಿಂದ ಪಲಾವಿನ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ನಿರೂಪಕರು ನನ್ನನ್ನು 'ಆಪ್ತಸಮಾಲೋಚಕಿ ಸೌಜನ್ಯ' ಎಂದು ಕರೆದರು. ಆ ಹೆಸರು ಇಟ್ಟವರು ಶಾಲೆಯ ಮೇಷ್ಟ್ರು. ಮನೆಯಲ್ಲಿ ನನ್ನ ಹೆಸರು ಎಲೆಕ್ಷನ್. ನಗಬಹುದು, ಅಭ್ಯಂತರವಿಲ್ಲ. ನಾನು ಹುಟ್ಟಿದ ದಿನ ವೋಟು ನಡೀತಿತ್ತಂತೆ. ಅಪ್ಪ ಮಣಿಸರ ಮಾರಲು ಮದ್ರಾಸಿಗೆ ಹೋಗಿದ್ದಾಗ ಹುಟ್ಟಿದ ನನ್ನ ಅಕ್ಕ ಮದ್ರಾಸು. ಊರೂರು ಅಲೆಯುತ್ತಿದ್ದ ನಮ್ಮವರು ಕಿವಿಗೆ ಬಿದ್ದ ದೊಡ್ಡ ಮಾತನ್ನು ಬಿಡದೆ ಮಕ್ಕಳಿಗೆ ಇಟ್ಟರು. ದೊಡ್ಡ ಹೆಸರಿದ್ದರೆ ಮಗು ದೊಡ್ಡದಾಗಿ ಬಾಳೀತು ಅನ್ನುವ ಆಸೆ, ಅಷ್ಟೇ. ಅಂಥ ಆಸೆ ಯಾವ ತಾಯಿಗಿಲ್ಲ ಹೇಳಿ?

ಮದ್ರಾಸಕ್ಕ ತನ್ನ ಮಗನಿಗೆ ಎಲ್ಲರಿಗಿಂತ ದೊಡ್ಡ ಹೆಸರಿಟ್ಟಳು. ಗೌರ್ಮೆಂಟ್.

ಅಂಗನವಾಡಿಯಲ್ಲಿ ಬರೆಸಲು ಹೋದಾಗ ಅಲ್ಲಿಯವರು, "ಅಂಗೆಲ್ಲಾ ಬರಿಯಾಕಾಗಕಿಲ್ಲ ಕಣಮ್ಮ" ಎಂದು ಗಗನ್ ಎಂದು ಬರೆದುಕೊಂಡರು. ಅಕ್ಕ ಒಂದು ದಿನವೂ ಹಾಗೆ ಕರೆಯಲಿಲ್ಲ. ಬೀದಿಯ ಕೊನೆಯಲ್ಲಿ ನಿಂತು, "ಲೇ ಗೌರ್ಮೆಂಟೂ, ಉಣ್ಣಾಕ್ ಬಾರ್ಲಾ!" ಎಂದು ಕೂಗಿದರೆ ದಾರಿಹೋಕರು ತಿರುಗಿ ನೋಡಿ ನಗೋರು. ಅವಳೂ ನಗೋಳು.

ಹೋದ ವರ್ಷ ಮಗುವಿಗೆ ಜ್ವರ ಬಂತು. ಹಳೇಕೋಟೆಯ ಕಡೆಯಿಂದ ಈ ಊರಿಗೆ ಆಟೋದಲ್ಲಿ ತರುವಾಗಲೇ, ಅವಳ ತೊಡೆಯ ಮೇಲೆ ಮಗು ಹೋಯಿತು. ಅಕ್ಕ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ರಸ್ತೆಗೆ ಬಂದು ಕೂಗತೊಡಗಿದಳು. ಭಾವ ಹೆದರಿ ದೊಡ್ಡಾಸ್ಪತ್ರೆಗೆ ಸೇರಿಸಿದರು. ಅದು ಯಾವ ಆಸ್ಪತ್ರೆ ಎಂದು ಇಲ್ಲಿ ಹೇಳುವುದಿಲ್ಲ. ಡಾಕ್ಟರು ಏನಮ್ಮ ಕಷ್ಟ ಎಂದು ಕೇಳಿದರಂತೆ. ಅಕ್ಕನಿಗೆ ಬರುವುದು ವಾಗ್ರಿ, ನಮ್ಮ ಮನೆಮಾತು. ಕನ್ನಡ ಎಂದರೆ ಸಂತೆಯಲ್ಲಿ ಕಲಿತಷ್ಟು. ಅದರಲ್ಲೇ ಹೇಳಿದಳು: "ಗೌರ್ಮೆಂಟ್ ಸತ್ತೋದ ಸಾ. ನನ್ ತೊಡೆ ಮ್ಯಾಲೇ ಸತ್ತೋದ. ಮಕ್ಕಂಡ್ರೆ ಬಂದು ಕರೀತಾನೆ."

ಅಲ್ಲಿದ್ದ ನರ್ಸಮ್ಮ, "ಗೌರ್ಮೆಂಟೇ ಸತ್ತೋದ್ರೆ ನಮ್ಗೆ ಸಂಬ್ಳ ಕೊಡೋರ್ಯಾರಮ್ಮಾ?" ಅಂದರಂತೆ.

ಈಗ ನೀವೂ ಕೆಲವರು ನಕ್ಕಿರಿ. ಅವತ್ತೂ ಎಲ್ಲರೂ ನಕ್ಕರಂತೆ. ಆಮೇಲೆ 'ಭ್ರಮೆ' ಎಂದು ಬರೆದು ಮಾತ್ರೆ ಶುರು ಮಾಡಿದರು.

ನಾನು ಆಗ ಅರಕಲಗೂಡಿನಲ್ಲಿ ಆಪ್ತಸಮಾಲೋಚನೆಯ ತರಬೇತಿಯಲ್ಲಿದ್ದೆ. ಸುದ್ದಿ ತಿಳಿದು ಓಡಿದೆ. "ಸಾರ್, ಅದು ಮಗುವಿನ ಹೆಸರು" ಎಂದೆ. ದಾಖಲೆ ತೋರಿಸಿ ಎಂದರು. ದಾಖಲೆಯಲ್ಲಿ ಇರುವುದು ಗಗನ್ ತಾನೇ? "ನಿಮ್ಮ ಹೆಸರೇನು?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಎಲೆಕ್ಷನ್" ಎಂದೆ. ಡಾಕ್ಟರು ನನ್ನ ಮುಖ ನೋಡಿದರು, ಬಹಳ ಮೃದುವಾಗಿ "ಕೂತ್ಕೊಳ್ಳಿ" ಎಂದರು, ಮತ್ತೆ ಪೆನ್ನು ಎತ್ತಿ ಬರೆದರು: ಮನೆತನದಲ್ಲೂ ಈ ಕಾಯಿಲೆ ಇದೆ.

ಚಂದ್ರಮೌಳಿ ಸಾರ್, ನೀವು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೀರಿ. ಶಾಲು ಹೊದಿಸುವಾಗ ನಿಮಗೆ ನನ್ನ ಗುರುತು ಸಿಗಲಿಲ್ಲ. ನನಗೆ ಸಿಕ್ಕಿತು.

ನಿರೂಪಕರು ಚೀಟಿ ಕಳಿಸಿದ್ದಾರೆ, ಬೇಗ ಮುಗಿಸಬೇಕಂತೆ. ಮುಗಿಸುತ್ತೇನೆ. ಸಾರ್ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹೊರಗೆ ಅಷ್ಟುದ್ದ ಜನ ಕಾದಿರುವಾಗ ಅವರು ಯಾರನ್ನು ಕೇಳಬೇಕಿತ್ತು? ಆ ಕೋಣೆಯಲ್ಲಿ ನಮ್ಮವರು ಒಬ್ಬರಾದರೂ ಇದ್ದರೇ? ನಮ್ಮ ಹಕ್ಕಿಪಿಕ್ಕಿ ಮಹಿಳಾ ಸಂಘ ಬೇಡುತ್ತಿರುವುದು ಇದೇ. ನಮ್ಮವರ ಮನಸ್ಸನ್ನು ನೋಡುವ ಕಡೆ ನಮ್ಮ ಮಾತು, ನಮ್ಮ ಅಳು, ನಮ್ಮ ಹೆಸರು ಬಲ್ಲ ನಮ್ಮವರೊಬ್ಬರು ಡಾಕ್ಟರ ಪಕ್ಕ ಕೂರಬೇಕು. ಬಾಗಿಲ ಹೊರಗಲ್ಲ, ಪಕ್ಕ. ನಿಯಮವನ್ನು ಮಾಡುವ ಸಭೆಯಲ್ಲೂ ಕೂರಬೇಕು. ಎಷ್ಟು ಅರ್ಜಿ ಕೊಟ್ಟರೂ "ನೋಡೋಣ" ಎನ್ನುತ್ತಾರೆ. ಎಷ್ಟು ದಿನ ನೋಡುತ್ತೀರಿ ಸ್ವಾಮಿ?

ಈಗ ಅಕ್ಕ ಮನೆಯಲ್ಲಿದ್ದಾಳೆ. ಗುಣವಾಗುತ್ತಿದೆ ಎಂದು ಬಿಟ್ಟು ಕಳಿಸಿದರು. ಯಾಕೆ ಗುಣವಾಯಿತು ಗೊತ್ತೇ? ಮಗನ ಹೆಸರು ಹೇಳುವುದನ್ನು ಬಿಟ್ಟಳು. ನಮ್ಮ ಮಾತಿನಲ್ಲಿ ಅವಳು ಹೇಳಿದ್ದನ್ನು ನಿಮ್ಮ ಮಾತಿಗೆ ತರುತ್ತೇನೆ: "ಅವ್ನ್ ಎಸ್ರು ಅಂದ್ರೆ ಮಾತ್ರೆ ಜಾಸ್ತಿ ಮಾಡ್ತಾರೆ ಕಣೆ ಎಲೆಕ್ಷನ್. ಅನ್ನದಿದ್ರೆ ಮನೆಗೆ ಬಿಡ್ತಾರೆ. ಎಸ್ರು ಕರೀದೆ ಎಂಗೆ ಅಳ್ಲಿ ನಾನು?"

ಮಾತ್ರೆ ತಿಂದು ಅವಳ ಕೈ ನಡುಗುತ್ತದೆ. ಸೂಜಿಗೆ ದಾರ ಹೋಗುವುದಿಲ್ಲ, ಮಣಿ ಪೋಣಿಸಲು ಆಗುವುದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ತೋರಿಸಬೇಕು. ನೋಡುವವರು ಚಂದ್ರಮೌಳಿ ಸಾರೇ. ಅಕ್ಕ, ಏನಾದರೂ ಆಗಲಿ, ನಾಳೆ ಮಗನ ಹೆಸರು ಹೇಳಿಯೇ ಹೇಳುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹೇಳಿದರೆ ಏನಾಗುತ್ತದೋ ಎಂದು ನನಗೆ ಭಯ.

ಅದಕ್ಕೇ ನಾಳೆಯವರೆಗೆ ಕಾಯುವುದು ಬೇಡ. ಅಕ್ಕ ಇಲ್ಲೇ ಇದ್ದಾಳೆ. ಬಾಗಿಲ ಹತ್ತಿರದ ಕುರ್ಚಿ, ಹಸಿರು ಸೀರೆ. ಸಾರ್, ಮೈಕನ್ನು ನಿಮ್ಮ ಕೈಗೆ ಕೊಡುತ್ತೇನೆ. ನಿಮ್ಮ ಮಗನ ಹೆಸರೇನಮ್ಮ ಎಂದು ಒಂದು ಸಲ ಕೇಳಿ. ನಾನು ಅವಳ ಪಕ್ಕ ಹೋಗಿ ನಿಲ್ಲುತ್ತೇನೆ. ಸಭಿಕರೇ, ನಿಮ್ಮಲ್ಲಿ ಕೈಮುಗಿದು ಕೇಳುವುದು ಒಂದೇ. ಅವಳು ಹೇಳಿದಾಗ ದಯವಿಟ್ಟು ಯಾರೂ ನಗಬೇಡಿ.

ಶಾಲಿಗೆ, ಹಾರಕ್ಕೆ, ಇಷ್ಟು ಹೊತ್ತು ಸಹಿಸಿಕೊಂಡದ್ದಕ್ಕೆ ಸೌಜನ್ಯಳ ಧನ್ಯವಾದ. ಎಲೆಕ್ಷನ್ನಿನ ನಮಸ್ಕಾರ.

ಅಕ್ಕಾ, ಎದ್ದು ನಿಲ್ಲು.