ನನ್ನ ಒಲೆಯ ಮೇಲೆ ಬೇರೆಯವರು ಹಾಲಿಟ್ಟ ಬಗ್ಗೆ

ಹೆಸರು ಪೇಚಿಯಮ್ಮಾಳ್, ಗಂಡ ದಿವಂಗತ ಚೊಕ್ಕನ್. ವಯಸ್ಸು ಅರವತ್ತೆಂಟು. ಓದು ಮೂರನೇ ಕ್ಲಾಸು. ಕಸುಬು ಬೆಳಗಿನ ಹೊತ್ತು ಪಡ್ಡು ಮಾಡಿ ಮಾರುವುದು. ವಾಸ ಮಧುರೈ, ಸೆಲ್ಲೂರು, ಕಿಣರಡಿ ಬೀದಿ, ದೈವಸಿಗಾಮಣಿಯವರ ವಠಾರ, ಎರಡನೇ ಮನೆ. ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಮಂಚದ ಮೇಲೆ ಕುಳಿತು, ಎಚ್ಚರವಾಗಿದ್ದು, ಯಾರೂ ಹೇಳಿಕೊಡದೆ ನಾನು ಈ ಮೂಲಕ ತಿಳಿಸುವುದೇನೆಂದರೆ:

ಆ ವಠಾರದಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಾಡಿಗೆಗೆ ಇದ್ದೇನೆ. ಪಕ್ಕದ ಮೂರನೇ ಮನೆಯಲ್ಲಿ ಆಟೋ ಓಡಿಸುವ ವೀರಣನ್, ಅವನ ಹೆಂಡತಿ ತಮಿಳರಸಿ ಒಂಬತ್ತು ವರ್ಷದಿಂದ ಇದ್ದಾರೆ. ಅವರು ನನಗೆ ಸಂಬಂಧಿಕರಲ್ಲ. ಆದರೆ ನನಗೆ ಜ್ವರ ಬಂದರೆ ಗಂಜಿ ಬರುವುದು ಆ ಮನೆಯಿಂದ.

ಮನೆ ಮಾಲೀಕರಾದ ದೈವಸಿಗಾಮಣಿಯವರು ಐದು ವರ್ಷದ ಹಿಂದೆ ಈ ವಠಾರವನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತೆಗೆದು ಮಗ್ಗ ಹಾಕಿದರು. ಸಾಲ ಕಟ್ಟಲಿಲ್ಲ. ಹೋದ ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ಬ್ಯಾಂಕಿನವರು ಬಂದು ಗೇಟಿಗೆ ಕಾಗದ ಅಂಟಿಸಿದರು. ನಾವು ಅಡವಿನ ಮನೆಯಲ್ಲಿದ್ದೇವೆಂದು ನಮಗೆ ತಿಳಿದದ್ದು ಆವತ್ತು. ಅಲ್ಲಿಯವರೆಗೂ ಮಾಲೀಕರು ಬಾಡಿಗೆ ವಸೂಲಿಗೆ ಬರುವುದನ್ನು ಮಾತ್ರ ಒಂದು ತಿಂಗಳೂ ತಪ್ಪಿಸಿದವರಲ್ಲ.

ವೀರಣನ್ ವಕೀಲರ ಹತ್ತಿರ ಹೋಗಿ ಬಂದನು. ಅಡವಿಡುವ ಮುಂಚಿನಿಂದ ಇರುವ ಬಾಡಿಗೆದಾರರನ್ನು ಬ್ಯಾಂಕಿನವರೂ ಕತ್ತು ಹಿಡಿದು ದೂಡುವಂತಿಲ್ಲ, ಅವರ ಮಾತನ್ನು ನ್ಯಾಯಮಂಡಳಿ ಕೇಳಲೇಬೇಕು ಎಂದು ವಕೀಲರು ಹೇಳಿದರಂತೆ. ಆದರೆ ಸರ್ಕಾರದ ಆಜ್ಞೆ ಹಿಡಿದು ಬ್ಯಾಂಕಿನ ಅಧಿಕಾರಿ ಬಂದು ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ಬರೆಯುವ ದಿನ ನಾವು ಮನೆಯೊಳಗಿರಬೇಕು, ನಮ್ಮ ಒಲೆ ಉರಿಯುತ್ತಿರಬೇಕು ಎಂದರಂತೆ. ಆ ದಿನ ಜೂನ್ ಹದಿಮೂರು, ಗುರುವಾರ, ಹನ್ನೊಂದು ಗಂಟೆ ಎಂದು ಗೊತ್ತಾಗಿತ್ತು.

ಇಷ್ಟರಲ್ಲಿ ಮಾಲೀಕರು ವಠಾರಕ್ಕೆ ಒಬ್ಬ ಗಿರಾಕಿಯನ್ನು ಹುಡುಕಿದ್ದರು. ಬ್ಯಾಂಕಿನ ಸಾಲ ತೀರಿಸಿ ವಠಾರ ಕೊಳ್ಳಲು ಆತ ತಯಾರು, ಆದರೆ ಖಾಲಿ ಮನೆಯೇ ಬೇಕು. ಅದಕ್ಕಾಗಿ ಒಂದನೇ ಮನೆಯವರ ನಲ್ಲಿ ಕಿತ್ತರು. ನಾಲ್ಕನೇ ಮನೆಯವರ ಕಕ್ಕಸಿನ ಬಾಗಿಲು ಕಿತ್ತರು. ಇಬ್ಬರೂ ಖಾಲಿ ಮಾಡಿಕೊಂಡು ಹೋದರು. ಮಂಗಳವಾರ ಸಂಜೆ ಮಾಲೀಕರು ನನ್ನ ಬಾಗಿಲಿಗೆ ಬಂದು, ಈ ವಯಸ್ಸಿನಲ್ಲಿ ತೇನಿಯಲ್ಲಿರುವ ಮಗಳ ಮನೆಯಲ್ಲಿ ಆರಾಮಾಗಿ ಇರಬಾರದೇ ಎಂದು ಕೇಳಿದರು. ನನ್ನ ಅಳಿಯನನ್ನು ನೀವು ಒಂದು ವಾರ ಇಟ್ಟುಕೊಂಡು ನೋಡಿ, ಆಮೇಲೆ ಆರಾಮದ ಮಾತಾಡಿ ಎಂದು ನಾನು ಹೇಳಿದೆ. ಅವರು ನಗಲಿಲ್ಲ.

ಗುರುವಾರ ಬೆಳಿಗ್ಗೆ ಎಂಟೂಕಾಲಕ್ಕೆ ನಾನು ಒಲೆಯ ಮೇಲೆ ಪಡ್ಡಿನ ಹಂಚು ಇಟ್ಟಿದ್ದೆ. ತಮಿಳರಸಿ ನನ್ನ ಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದಳು. ಆಗ ರಾಜಾಮಣಿ ಎಂಬ ಹೆಂಗಸು ಬಂದಳು. ಈಕೆ ಮಾಲೀಕರ ಬಾಮೈದ ಇರುಳಪ್ಪನ್‌ನ ಹೆಂಡತಿ. ರೇಷ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ, ಇನ್ನೊಂದು ಕೈಯಲ್ಲಿ ಹಾಲು ತುಂಬಿದ ಹೊಸ ಪಾತ್ರೆ ಹಿಡಿದಿದ್ದಳು. ಹೊಸ ಮನೆಯಲ್ಲಿ ಹಾಲು ಉಕ್ಕಿಸುತ್ತಿದ್ದೇವೆ, ಕರೆಯಲು ಬಂದೆ ಎಂದಳು.

ಇಲ್ಲಿ ನಾನು ಮಾಡಿದ್ದನ್ನು ಸರಿಯಾಗಿ ಬರೆದುಕೊಳ್ಳಬೇಕು. ನಾನು ಗಂಡ ಸತ್ತವಳು. ಮನೆ ತುಂಬುವ ಹಾಲಿಗೆ ನಮ್ಮಂಥವರು ಎದುರು ನಿಲ್ಲುವುದಿಲ್ಲ. ಯಾರೂ ಹೇಳಬೇಕಿಲ್ಲ, ಕಾಲೇ ಹಿಂದಕ್ಕೆ ಹೋಗುತ್ತದೆ. ಶತ್ರುವಿನ ಮನೆಯದಾದರೂ ಶುಭಕಾರ್ಯವಲ್ಲವೇ ಎಂದು ನಾನು ಒಲೆ ಬಿಟ್ಟು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗೋಡೆಗೆ ಮುಖ ಮಾಡಿ ನಿಂತೆ. ಕುಂಕುಮ ಹಿಡಿದು ಬಂದವಳನ್ನು ಹೊಸಿಲಲ್ಲಿ ನಿಲ್ಲಿಸಬಾರದೆಂದು ತಮಿಳರಸಿ ಒಳಗೆ ಕರೆದು ಮಣೆ ಹಾಕಿದಳು. ನಾನು ಹೀಗೆ ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು. ಲಾಠಿ ಹಿಡಿದು ಬಂದಿದ್ದರೆ ನಾನು ಅಲುಗಾಡುತ್ತಿರಲಿಲ್ಲ.

ತಮಿಳರಸಿ ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಿರುವಾಗಲೇ ರಾಜಾಮಣಿ ಅಡಿಗೆಮನೆಗೆ ನುಗ್ಗಿ, ನನ್ನ ಹಂಚನ್ನು ಇಳಿಸಿ ತನ್ನ ಪಾತ್ರೆ ಇಟ್ಟಳು. ಏನಕ್ಕಾ ಇದು ಎಂದು ತಮಿಳರಸಿ ಕೇಳಿದ್ದು ನನಗೆ ಹಿತ್ತಿಲಿಗೆ ಕೇಳಿಸಿತು. ಅದಕ್ಕೆ ರಾಜಾಮಣಿ ಹೇಳಿದ್ದು:

"ಹೊಸ ಮನೆ ಎಲ್ಲಿ ಅಂತ ನೀವು ಕೇಳ್ಲೇ ಇಲ್ವಲ್ಲ. ಇದೇ."

ನಮ್ಮ ಕಡೆ ಯಾವ ಒಲೆಯ ಮೇಲೆ ಯಾರ ಹಾಲು ಉಕ್ಕುತ್ತದೋ ಆ ಮನೆ ಅವಳದು. ಆ ಹಾಲನ್ನು ನಾಲ್ಕು ಜನ ಕುಡಿದ ಮೇಲೆ ಬೀದಿಯಲ್ಲಿ ಯಾರೂ ಬೇರೆ ಸಾಕ್ಷಿ ಹೇಳುವುದಿಲ್ಲ. ಹನ್ನೊಂದಕ್ಕೆ ಬರುವ ಅಧಿಕಾರಿಗೆ ಬಾಗಿಲಿನಲ್ಲಿ ಅವಳ ಕುಂಕುಮ, ಒಲೆಯ ಮೇಲೆ ಅವಳ ಹಾಲು ಕಾಣುತ್ತಿತ್ತು. ನಾನು ಬೀದಿಯಲ್ಲಿರುತ್ತಿದ್ದೆ.

ನಾನು ಒಳಗೆ ಓಡಿ ಬರುವಷ್ಟರಲ್ಲಿ ಇರುಳಪ್ಪನ್ ಮತ್ತು ನಾಲ್ಕು ಜನ ಗೇಟಿನಿಂದ ನುಗ್ಗಿದ್ದರು. ಅವರ ಕೈಯಲ್ಲಿ ಕಬ್ಬಿಣದ ಪೈಪುಗಳಿದ್ದವು. ಇಬ್ಬರು ನನ್ನ ಪೆಟ್ಟಿಗೆ, ಹಾಸಿಗೆ, ಅಕ್ಕಿಯ ಡಬ್ಬ ಎತ್ತಿ ಅಂಗಳಕ್ಕೆ ಎಸೆದರು. ಬೀದಿಯಲ್ಲಿ ಆಟೋ ತೊಳೆಯುತ್ತಿದ್ದ ವೀರಣನ್ ಓಡಿ ಬಂದನು. ಇರುಳಪ್ಪನ್ ಬಾಗಿಲಿಗೆ ಅಡ್ಡ ನಿಂತನು. ಮಾಮ, ಒಳಗೆ ಹೆಂಗಸರಿದ್ದಾರೆ, ದಾರಿ ಬಿಡಿ ಎಂದು ವೀರಣನ್ ಕೇಳಿದನು. ಮಾಮ ಎಂದ ಬಾಯಿಗೇ ಇರುಳಪ್ಪನ್ ಪೈಪಿನಿಂದ ಹೊಡೆದನು. ಎರಡು ಹಲ್ಲು ಹೊಸಿಲ ಮೇಲೆ ಬಿದ್ದವು. ಎರಡನೇ ಏಟಿಗೆ ವೀರಣನ್ ಬಲಗೈ ಅಡ್ಡ ಹಿಡಿದನು. ಮೂಳೆ ಮುರಿದ ಸದ್ದು ನನಗೆ ಒಳಗೆ ಕೇಳಿಸಿತು, ನುಗ್ಗೆಕಾಯಿ ಮುರಿದ ಹಾಗೆ. ಮೂರನೇ ಏಟು ತಲೆಗೆ ಬಿತ್ತು.

ಆಗ ಹಾಲು ಪಾತ್ರೆಯ ಅಂಚಿಗೆ ಏರುತ್ತಿತ್ತು. ಬಟ್ಟೆ ಕೈಗೆ ಸಿಗಲಿಲ್ಲ. ನಾನು ಎರಡೂ ಬರಿಗೈಯಲ್ಲಿ ಪಾತ್ರೆ ಎತ್ತಿ, ಒಳಗೆ ತಿರುಗಿದ ಇರುಳಪ್ಪನ್‌ನ ಮುಖಕ್ಕೂ ಎದೆಗೂ ಎರಚಿದೆ. ಹಾಲು ಉಕ್ಕಲಿಲ್ಲ. ಅವನು ಪೈಪು ಬಿಟ್ಟು ನೆಲದ ಮೇಲೆ ಹೊರಳಾಡಿದನು. ನನ್ನ ಅಂಗೈಗಳ ಚರ್ಮ ಪಾತ್ರೆಯ ಜೊತೆಗೇ ಹೋಯಿತು. ಹಾಲು ಎರಚಿದ್ದು ಹೇಳಿಕೆಯಲ್ಲಿ ಬೇಡ, ನಿಮ್ಮ ಮೇಲೂ ಕೇಸಾಗುತ್ತದೆ ಎಂದು ಬರೆದುಕೊಳ್ಳುತ್ತಿರುವ ಪೊಲೀಸಿನವರು ಹೇಳುತ್ತಿದ್ದಾರೆ. ಬರೆಯಬೇಕು. ಹಾಲು ತಾನಾಗಿ ಹಾರಲಿಲ್ಲ.

ಅಲ್ಲಿಯವರೆಗೆ ಗೇಟಿನ ಹತ್ತಿರ ನಿಂತು ನೋಡುತ್ತಿದ್ದ ದೈವಸಿಗಾಮಣಿ ಒಳಗೆ ಬಂದು ನನ್ನ ಸೊಂಟಕ್ಕೆ ಒದ್ದನು. ಇನ್ನು ಮುಂದೆ ಅವನನ್ನು ಅವನು ಎಂದೇ ಬರೆಯತಕ್ಕದ್ದು. ಬಾಡಿಗೆಗೆ ಬಂದವಳು ಬಾಡಿಗೆಯವಳ ಹಾಗಿರು ಎಂದನು. ಅಡವಿಟ್ಟವನು ಅಡವಿಟ್ಟವನ ಹಾಗಿರು ಎಂದು ನಾನು ಬಿದ್ದಲ್ಲಿಂದಲೇ ಹೇಳಿದೆ. ಇನ್ನೊಂದು ಸಲ ಒದ್ದನು. ತಮಿಳರಸಿ ಪಡ್ಡಿನ ಹಂಚು ಎತ್ತಿಕೊಂಡು ಅವನ ಮೊಣಕಾಲಿಗೆ ಬೀಸಿದಳು. ಹಂಚು ಇನ್ನೂ ಬಿಸಿಯಿತ್ತು. ಒಬ್ಬನು ಅವಳ ಜಡೆ ಹಿಡಿದು ಅಂಗಳದವರೆಗೆ ಎಳೆದುಕೊಂಡು ಹೋದನು.

ನಾವು ಕೂಗುತ್ತಲೇ ಇದ್ದೆವು. ನಮ್ಮ ಬೀದಿಯಲ್ಲಿ ಎರಡೂ ಕಡೆ ಮಗ್ಗಗಳು. ಅವು ಓಡುತ್ತಿದ್ದರೆ ಪಕ್ಕದಲ್ಲಿ ಕೊಲೆಯಾದರೂ ಕೇಳಿಸುವುದಿಲ್ಲ. ಒಂಬತ್ತು ಗಂಟೆಗೆ ಕರೆಂಟು ಹೋಯಿತು. ಮಗ್ಗಗಳು ನಿಂತವು. ಆಗ ಬೀದಿಯವರು ಓಡಿ ಬಂದರು. ರಾಜಾಮಣಿ, ದೈವಸಿಗಾಮಣಿ ಮತ್ತು ಅವರ ಜನ ಇರುಳಪ್ಪನ್‌ನನ್ನು ಎತ್ತಿಕೊಂಡು ವ್ಯಾನಿನಲ್ಲಿ ಹೋದರು.

ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಬಂತು. ವೀರಣನ್ ತನ್ನ ಜಗಲಿಯ ಗೋಡೆಗೆ ಒರಗಿ ಕುಳಿತಿದ್ದನು. ಕಿವಿಯಿಂದ ರಕ್ತ ಬರುತ್ತಿತ್ತು. ಸ್ಟ್ರೆಚರ್ ಹತ್ತಲು ಒಪ್ಪಲಿಲ್ಲ. ತಮಿಳರಸಿ ಕಾಲು ಹಿಡಿದು ಬೇಡಿದಳು. ಅವನು ನನ್ನ ಕಡೆ ನೋಡಿ ಹೇಳಿದ್ದು:

"ನಾನೆದ್ದು ಹೋದ್ರೆ ಮನೆಯೂ ಹೋದ ಹಾಗೆ, ಅಪ್ಪತ್ತಾ. ಆಫೀಸರು ಬರ್ಕೊಂಡು ಹೋಗ್ಲಿ."

ಅವನು ನನ್ನನ್ನು ಅಜ್ಜಿ ಎಂಬ ಅರ್ಥದಲ್ಲಿ ಅಪ್ಪತ್ತಾ ಎಂದೇ ಕರೆಯುತ್ತಿದ್ದನು. ನಾನು ಬೈದರೆ ಕೇಳುತ್ತಿದ್ದನು. ಹೋಗು ಎಂದು ನಾನು ಬೈಯಲಿಲ್ಲ.

ಅಧಿಕಾರಿ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬಂದರು. ಚಿಕ್ಕ ವಯಸ್ಸಿನವರು. ಹೊಸಿಲ ಮೇಲಿನ ಹಲ್ಲು ನೋಡಿ ಅದನ್ನು ದಾಟಲಾರದೆ ಹೊರಗೇ ನಿಂತರು. ನಮ್ಮ ಹೆಸರು ಕೇಳಿದರು, ಎಷ್ಟು ವರ್ಷದಿಂದ ವಾಸ ಎಂದು ಕೇಳಿದರು. ವೀರಣನ್ ತನ್ನ ಹೆಸರು, ತಂದೆಯ ಹೆಸರು, ಒಂಬತ್ತು ವರ್ಷ ಎಂದು ಹೇಳಿದನು. ಹಲ್ಲಿಲ್ಲದ್ದರಿಂದ ಒಂಬತ್ತನ್ನು ಎರಡು ಸಲ ಹೇಳಬೇಕಾಯಿತು. ಸಹಿ ಬರುವವನು, ಬಲಗೈ ಏಳದೆ ಎಡ ಹೆಬ್ಬೆಟ್ಟು ಒತ್ತಿದನು. ನ್ಯಾಯಮಂಡಳಿ ವಿಚಾರಿಸುವವರೆಗೆ ಈ ಎರಡು ಮನೆಯವರನ್ನು ಯಾರೂ ಎಬ್ಬಿಸುವಂತಿಲ್ಲ ಎಂದು ಅಧಿಕಾರಿ ಹೇಳಿ ಹೋದರು. ಅದಾದ ಮೇಲೆ, ಮತ್ತೆ ಕರೆಸಿದ ಆಂಬುಲೆನ್ಸಿನ ಸ್ಟ್ರೆಚರನ್ನು ವೀರಣನ್ ಹತ್ತಿದನು. ದಾರಿಯಲ್ಲಿ ಮಾತು ನಿಂತಿತು. ಇಂದು ಶುಕ್ರವಾರ ಬೆಳಗಿನ ಜಾವ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡನು.

ನಾವೆಲ್ಲ ಆಸ್ಪತ್ರೆಯಲ್ಲಿದ್ದಾಗ ದೈವಸಿಗಾಮಣಿ ವಠಾರದ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿಸಿದ್ದಾನೆ. ಇಂದು ಬೆಳಿಗ್ಗೆ ತಮಿಳರಸಿಗೆ ಫೋನು ಮಾಡಿದನು. ಅವಳು ಫೋನನ್ನು ನನ್ನ ಕಿವಿಗೆ ಹಿಡಿದಳು. ಶವಾಗಾರದಿಂದ ನೇರ ಸ್ಮಶಾನಕ್ಕೆ ಒಯ್ಯಬೇಕು, ಮನೆಯಿಂದ ಹೆಣ ಎದ್ದರೆ ಗಿರಾಕಿ ಹಿಂದೆ ಸರಿಯುತ್ತಾನೆ, ಕಟ್ಟಿಗೆಯ ಖರ್ಚು ತಾನೇ ಕೊಡುತ್ತೇನೆ ಎಂದನು. ಕೊನೆಗೆ ಹೇಳಿದ್ದು:

"ಬಾಡಿಗೆ ಮನೆಗೆ ಹೆಣ ತರೋ ಹಾಗಿಲ್ಲ. ಬೇಕಾದ್ರೆ ಬೀದಿ ಕೊನೇಲಿ ಹತ್ತು ನಿಮಿಷ ಇಳಿಸ್ಕೊಳ್ಳಿ."

ಇದು ಇವನೊಬ್ಬನ ಕಾನೂನಲ್ಲ. ಈ ಊರಿನ ಬಹಳ ಮಾಲೀಕರದು ಇದೇ ಮಾತು. ಸುತ್ತ ಸೀರೆ ಹಿಡಿದು, ಚರಂಡಿಯ ಪಕ್ಕದಲ್ಲಿ ಬಾಡಿಗೆದಾರರ ಹೆಣ ತೊಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನೀರು ಸಹ ಹೊಯ್ದಿದ್ದೇನೆ. ವೀರಣನ್‌ಗೆ ಹಾಗಾಗಕೂಡದು. ಅದು ಅವನ ಮನೆ ಎಂದು ಸರ್ಕಾರದ ಆಜ್ಞೆ ಹಿಡಿದು ಬಂದವರು ಬರೆದುಕೊಂಡಿದ್ದಾರೆ. ಬರೆಸುವುದಕ್ಕೆ ಅವನು ಕೊಟ್ಟದ್ದು ಏನೆಂದು ಮೇಲೆ ಹೇಳಿದ್ದೇನೆ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ದೇಹ ಕೊಡುತ್ತಾರಂತೆ. ಮೂರನೇ ಮನೆಯ ಜಗಲಿಯ ಮೇಲೆ ಅವನನ್ನು ಮಲಗಿಸಬೇಕು. ಅವನ ಹೆಂಡತಿ ಅವನ ನಲ್ಲಿಯ ನೀರನ್ನೇ ಹೊಯ್ಯಬೇಕು. ಅವನ ಹೊಸಿಲಿನಿಂದ ಅವನನ್ನು ಎತ್ತಬೇಕು. ಪೊಲೀಸಿನವರು ಅಷ್ಟರೊಳಗೆ ಬೀಗ ತೆಗೆಸಿಕೊಟ್ಟರೆ ಸರಿ. ಇಲ್ಲದಿದ್ದರೆ ನಾನು ಒಡೆಯುತ್ತೇನೆ. ನಿಮ್ಮ ಎರಡು ಕೈಗೂ ಬ್ಯಾಂಡೇಜಿದೆಯಲ್ಲಮ್ಮ ಎಂದು ಬರೆದುಕೊಳ್ಳುತ್ತಿರುವವರು ಕೇಳಿದರು. ಮೊಣಕೈ ಇವೆ, ಬೀದಿಯಲ್ಲಿ ಕಲ್ಲಿವೆ. ಆ ಹೊತ್ತಿಗೆ ಅಡ್ಡ ಬಂದವರಿಗೆ ಏನಾದರೂ ಆದರೆ ಅದಕ್ಕೆಂದು ಬೇರೆ ಹೇಳಿಕೆ ತೆಗೆದುಕೊಳ್ಳಲು ಯಾರೂ ನನ್ನ ಹತ್ತಿರ ಬರುವುದು ಬೇಡ. ಇದನ್ನೇ ಇಟ್ಟುಕೊಳ್ಳಬಹುದು.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಹೇಳದ್ದು ಇದರಲ್ಲಿಲ್ಲ, ಎಲ್ಲವೂ ನಡೆದದ್ದೇ. ಎರಡೂ ಅಂಗೈ, ಬೆರಳು ಸುಟ್ಟಿರುವುದರಿಂದ ಎಡಗಾಲಿನ ಹೆಬ್ಬೆರಳು ಒತ್ತಿದ್ದೇನೆ.

ಸ್ಥಳ: ಸರ್ಕಾರಿ ಆಸ್ಪತ್ರೆ, ಮಧುರೈ
ದಿನಾಂಕ: 14-06-2019, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ
ಪೇಚಿಯಮ್ಮಾಳ್, ಎಡಗಾಲಿನ ಹೆಬ್ಬೆರಳ ಗುರುತು