ಏಳನೇ ನಂಬರಿನ ಬೂಟು

ಇದು ನನ್ನ ತಂಗಿ ಮಗಳಿಗೇ ಆದದ್ದು. ಬೇರೆಯವರ ಮನೆ ವಿಷಯ ಆಗಿದ್ದರೆ ಒಂದಿಷ್ಟು ಉಪ್ಪು ಖಾರ ಹಚ್ಚಿ ಹೇಳ್ತಿದ್ದೆ, ನಾನೇನು ಸಾಚಾ ಅಲ್ಲ. ಇದಕ್ಕೆ ಹಚ್ಚೋ ಅಗತ್ಯವೇ ಇಲ್ಲ. ಆ ಬಾಗಿಲು ಹಾಕಿ ಬಂದು ಕೂತ್ಕೊಳ್ಳಿ.

ಅವಳನ್ನ ನಾವೆಲ್ಲ ಗಿಡ್ಡಿ ಅಂತೀವಿ. ಮೇಲಿನ ಶೆಲ್ಫಿನ ಡಬ್ಬ ಬೇಕಂದರೆ ಸ್ಟೂಲು ಹತ್ತಬೇಕು, ಅಷ್ಟೇ ಎತ್ತರ. ಆ ದೊಡ್ಡ ರೋಗದ ವರ್ಷ. ಕಾರ್ಖಾನೇಲಿ ಪಾಳಿ ಮುಗಿಸಿ, ತಗಡು ಮುಚ್ಚಿದ ಹಾಳು ಬಾವಿ ಪಕ್ಕದಿಂದ ಮನೆಗೆ ಬರ್ತಿದ್ದಾಳೆ. ಕತ್ತಲು. ರಸ್ತೇಲಿ ನರಪಿಳ್ಳೆ ಇಲ್ಲ. ಕಾಲಲ್ಲಿ ಹವಾಯಿ ಚಪ್ಪಲಿ... ಪಟ್, ಪಟ್. ಹಿಂದಿನಿಂದ ಇನ್ನೊಂದು ಸದ್ದು. ಚಪ್... ಚಪ್... ನೀರಲ್ಲಿ ಅದ್ದಿದ ರಬ್ಬರ್ ಬೂಟಿನ ಸದ್ದು. ಇವಳು ನಿಂತರೆ ಅದೂ ನಿಲ್ಲುತ್ತೆ. ಆಮೇಲೆ ಒಂದು ಕೆಮ್ಮು. ಒಣ ಕೆಮ್ಮು. ಖುಳ್... ಖುಳ್.

ಮನೆಗೆ ಬಂದವಳೇ ನನ್ನ ಕಿವೀಲಿ ಪಿಸುಗುಟ್ಟಿದಳು. "ದೊಡ್ಡಮ್ಮ, ಆ ಕೆಮ್ಮು ನಂಗೆ ಗೊತ್ತು."

"ಯಾರದೇ?"

"ಉದ್ದಕ್ಕಂದು."

ಇವಳ ಜೊತೆ ಅದೇ ಕಾರ್ಖಾನೇಲಿ ದುಡೀತಿದ್ದ ಉದ್ದಕ್ಕ ಸತ್ತು ಆಗಲೇ ಹನ್ನೆರಡು ದಿನ.

ಇವರ ಕಾರ್ಖಾನೇಲಿ ಮಾಡ್ತಿದ್ದದ್ದು ಕೈಗೆ ಹೊಡಕೊಳ್ಳೋ ಸ್ಯಾನಿಟೈಸರ್ ಸ್ಪ್ರೇ. ಡಬ್ಬಿಗೆ ಔಷಧಿ ತುಂಬಿ, ಮೂತಿ ಬಿಗಿದು, ಕೊನೆಗೆ ಗ್ಯಾಸ್ ಹಾಕೋದು. ಆ ಗ್ಯಾಸಿಗೆ ವಾಸನೆ ಇಲ್ಲ. ಕಿಡಿ ಹಾರಿದರೆ ಎಲ್ಲರೂ ಪುಡಿಪುಡಿ. ಅದಕ್ಕೇ ಗ್ಯಾಸ್ ರೂಮು ಬೇರೆ, ಮೊಳದಪ್ಪ ಗೋಡೆ, ಚಿಲಕ ಹೊರಗಡೆಯಿಂದ ಮಾತ್ರ. ಫೋನು, ಬಳೆ, ಕಬ್ಬಿಣ, ಏನೂ ಒಳಗೆ ಒಯ್ಯೋ ಹಾಗಿಲ್ಲ. ಮುಂಚೆ ಒಳಗೆ ಹೋಗೋರು ಬಾಗಿಲ ಮೊಳೆಗೆ ತಮ್ಮ ನಂಬರಿನ ಬಿಲ್ಲೆ ನೇತು ಹಾಕ್ತಿದ್ದರು. ಬಿಲ್ಲೆ ಇದ್ದರೆ ಬೀಗ ಇಲ್ಲ. ರೋಗ ಬಂತು ನೋಡಿ, ಎಲ್ಲರ ಕೈ ತಾಗುತ್ತೆ ಅಂತ ಬಿಲ್ಲೆ ತೆಗೆದುಬಿಟ್ಟರು. ಅದರ ಬದಲು ಬಾಯೆಣಿಕೆ. ಒಂಬತ್ತು ಜನ, ತಲೆಯಿಂದ ಪಾದದವರೆಗೆ ಬಿಳೀ ಗವಸು, ಯಾರು ಯಾರೋ ಹೆತ್ತ ತಾಯಿಗೂ ತಿಳಿಯಲ್ಲ. ಪಾಳಿ ಮುಗಿದ ಮೇಲೆ ಹೊರಗೆ ಬಂದು, ಸಾಲಾಗಿ ನಿಂತು ಒಂದು, ಎರಡು, ಮೂರು ಅನ್ನಬೇಕು. ಒಂಬತ್ತು ಕೇಳಿಸಿದರೆ ಬೀಗ.

ಉದ್ದಕ್ಕ ಏಳನೇ ನಂಬರು. ಜ್ವರ, ಕೆಮ್ಮು. ಪ್ರತಿ ಸಲ ಕೆಮ್ಮಿ, ಆಮೇಲೆ 'ಏಳು' ಅನ್ನೋಳು. ಅವರ ಮೇಸ್ತ್ರಿ, ಆ ಸೀಟಿ ಊದೋ ಮಹಾನುಭಾವ, "ಗಂಟಲಿಗೆ ಧೂಳು ಹೋಗಿದೆ ಅಷ್ಟೇ, ಆರ್ಡರ್ ಮುಗೀಲಿ" ಅಂತ ಎಂಟು ದಿನ ದುಡಿಸಿದ. ಒಂಬತ್ತನೇ ದಿನ ಅವಳೇ ಇಲ್ಲ. ಅವಳ ನಂಬರು, ಬೂಟು ಎರಡನ್ನೂ ಅಲ್ಲೀವರೆಗೆ ಪ್ಯಾಕಿಂಗಿನಲ್ಲಿದ್ದ ಗಿಡ್ಡಿಗೆ ದಾಟಿಸಿದ. ಬೂಟೋ, ಇವಳ ಕಾಲು ಒಳಗೆ ಕಳೆದೇ ಹೋಗುತ್ತೆ. ನಾನೇ ನನ್ನ ಹಳೇ ದಿಂಬಿನ ಚೀಲ ಹರಿದು ತುಂಡು ಮಾಡಿ ಕೊಟ್ಟೆ, ತುದಿಗೆ ತುರುಕಿಕೋ ಅಂತ.

ಬಾವಿ ಹತ್ತಿರ ಸದ್ದು ಕೇಳಿದ್ದರ ಮಾರನೇ ದಿನ. ಪಾಳಿ ಮುಗಿಯೋ ಹೊತ್ತು. ಗಾಡಿಗೆ ಇನ್ನೂ ಪೆಟ್ಟಿಗೆ ತುಂಬಬೇಕು, ಮೇಸ್ತ್ರಿಗೆ ಅವಸರ. ಪ್ಯಾಕಿಂಗಿನಲ್ಲಿದ್ದ ಒಬ್ಬ ವಿಧವೆಯ ಜೊತೆ ಮಾತು ಬಾಕಿ ಇತ್ತಂತೆ... ನನಗ್ಯಾಕೆ ಬಿಡಿ. ಯಂತ್ರದಡಿ ಒಂದು ಡಬ್ಬಿ ಸಿಕ್ಕಿಕೊಂಡಿದೆ ಅಂತ ಗಿಡ್ಡಿ ಗ್ಯಾಸ್ ರೂಮಿನೊಳಗೇ ಬಗ್ಗಿದ್ದಾಳೆ. ಹೊರಗೆ ಎಣಿಕೆ ಶುರುವಾಯಿತು.

"ಐದು."

"ಆರು."

ಗಿಡ್ಡಿ ಎದ್ದು ಬಾಯಿ ತೆರೀತಾಳೆ... ಅಷ್ಟರಲ್ಲಿ ಹೊರಗಿನ ಸಾಲಿನಿಂದ ಖುಳ್, ಖುಳ್.

"ಏಳು."

"ಎಂಟು." "ಒಂಬತ್ತು."

ಧಡ್. ಬಾಗಿಲು. ಕಟಕ್. ಚಿಲಕ. ಮೇನ್ ಸ್ವಿಚ್ ಆರಿತು. ದೀಪ ಹೋಯಿತು, ಗಾಳಿ ಎಳೆಯೋ ಫ್ಯಾನು ಗುರ್ ಅಂತ ನಿಧಾನಕ್ಕೆ ನಿಂತಿತು. ಗ್ಯಾಸ್ ಸೋರಿದರೆ ಬಡಿಯೋ ಗಂಟೇನೂ ಅದೇ ಸ್ವಿಚ್ಚಿಗೆ ಸೇರಿದ್ದು.

ಆಗ ಕೇಳಿಸಿತು, ಆ ಸಿಕ್ಕಿಕೊಂಡ ಡಬ್ಬಿ ಸಡಿಲಿಸಿದ್ದ ಗ್ಯಾಸ್ ಪೈಪು. ಸುಯ್ಯ್ಯ್...

ಅಂಗೈಯಿಂದ ಬಾಗಿಲು ಬಡಿದಳು. ಮೊಳದಪ್ಪ ಗೋಡೆಗೆ ಗುಬ್ಬಿ ಒದ್ದ ಹಾಗೆ. ಗಟ್ಟಿ ವಸ್ತು ಎತ್ತಿ ಬಡಿಯೋಣ ಅಂದರೆ ಕಿಡಿಯ ಭಯ. ಆ ಗ್ಯಾಸು ಭಾರ, ನೀರಿನ ಹಾಗೆ ನೆಲದಿಂದ ಮೇಲಕ್ಕೆ ತುಂಬುತ್ತೆ. ಎತ್ತರದವರಿಗೆ ಇನ್ನೊಂದು ಗಳಿಗೆ ಸಿಗಬಹುದು. ಇವಳೋ ಗಿಡ್ಡಿ! ತಡಕಾಡಿ ಡಬ್ಬಿ ಜೋಡಿಸೋ ಕಟ್ಟೆ ಹತ್ತಿ ನಿಂತಳು. ತಲೆ ಸೂರಿಗೆ ತಾಗಿತು. ಅದಕ್ಕಿಂತ ಮೇಲೆ ಹೋಗೋಕೆ ಜಾಗ ಇಲ್ಲ. ತಲೆ ಗಿರ್ ಅಂತಿದೆ, ನಾಲಿಗೆ ದಪ್ಪ ಆಗಿದೆ.

ಒಂದೇ ದಾರಿ ಉಳಿದಿತ್ತು. ಗೇಟಿನ ಹತ್ತಿರ ಬೂಟು ಬಿಚ್ಚಿ, ಔಷಧಿ ನೀರಲ್ಲಿ ಅದ್ದಿ, ಸಾಲಾಗಿಟ್ಟ ಮೇಲೆ ಇನ್ನೊಂದು ಎಣಿಕೆ ಇದೆ. ಅಲ್ಲೂ ಒಂಬತ್ತು ಕೇಳಿಸಿತೋ... ನಾಳೆ ಬೆಳಿಗ್ಗೆವರೆಗೆ ಈ ಬಾಗಿಲು ತೆಗೆಯೋರಿಲ್ಲ.

"ಅಕ್ಕಾ..." ಕತ್ತಲಿಗೆ ಪಿಸುಗುಟ್ಟಿದಳು. "ನಿನ್ನ ಬೂಟು ನಾನಾಗಿ ಕೇಳಿದ್ದಲ್ಲ ಕಣಕ್ಕಾ. ತಗೊಂಡು ಹೋಗು. ಗೇಟಲ್ಲಿ ಮಾತ್ರ ಸುಮ್ಮನಿರು. ಒಂದೇ ಒಂದು ಸಲ..."

ಸುಯ್ಯ್ಯ್... ಪಾದ ಮಾತ್ರ ತಣ್ಣಗಾಯಿತಂತೆ.

ಗೇಟಿನಲ್ಲಿ ಮೇಸ್ತ್ರಿ ಸೀಟಿ ಊದಿದ. "ಐದು." "ಆರು."

ಮೌನ.

"ಏಳು ಯಾವಳೇ? ಬಾಯಿಗೆ ಏನಾಗಿದೆ?" ಅಂತ ಗದರಿದ. ತಲೆ ಎಣಿಸಿದ, ಎಂಟು. ಕೆಳಗೆ ನೋಡಿದ, ಬೂಟು ಮಾತ್ರ ಒಂಬತ್ತು ಜೊತೆ. ಆರನೇದಕ್ಕೂ ಎಂಟನೇದಕ್ಕೂ ನಡುವೆ ಏಳು, ನೀರು ತೊಟ್ಟಿಕ್ಕುತ್ತಾ ನಿಂತಿದೆ. ತೊಟ್... ತೊಟ್... ಆ ಗಂಡಸಿನ ಕೈಯಿಂದ ಸೀಟಿ ಬಿತ್ತು. ಬೀಗದ ಕೈ ಹಿಡಿದು ಓಡಿದ.

ಬಾಗಿಲು ತೆಗೆದಾಗ ಗಿಡ್ಡಿ ಕಟ್ಟೆ ಮೇಲೆ ಮುದುಡಿ ಬಿದ್ದಿದ್ದಳು. ಉಸಿರು ಇತ್ತು. ಬರಿಗಾಲು.

"ಬೂಟು ಯಾವಾಗ ಬಿಚ್ಚಿದೆ?" ಅಂತ ನಾನು ನೂರು ಸಲ ಕೇಳಿದ್ದೀನಿ. "ಬಿಚ್ಚಿಲ್ಲ ದೊಡ್ಡಮ್ಮ" ಅಂತಾಳೆ. ಅಷ್ಟೇ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಗ್ಯಾಸ್ ರೂಮಿನ ಬಾಗಿಲ ಮೊಳೆಗೆ ಬಿಲ್ಲೆ ಮಾತ್ರ ಮರುದಿನವೇ ವಾಪಸು ಬಂದವಂತೆ.

ನೀವು ನಂಬದಿದ್ದರೆ ಬಿಡಿ. ಅವಳ ಬಟ್ಟೆಬರೆ ತರೋಕೆ ಹೋದವಳು ನಾನೇ. ಬೂಟು ಗೇಟಿನ ಹತ್ತಿರ ಅಲ್ಲೇ ಇತ್ತು. ಒಳಗೆ ಕೈ ಹಾಕಿದೆ, ತುದಿವರೆಗೂ ಖಾಲಿ, ದೊಡ್ಡ ಕಾಲಿಗೆ ಜಾಗ ಮಾಡಿದ ಹಾಗೆ. ತುರುಕಿದ್ದ ಬಟ್ಟೆ ತುಂಡುಗಳು ಪಕ್ಕದಲ್ಲಿದ್ದವು. ಒಂದರ ಮೇಲೊಂದು ನೀಟಾಗಿ ಯಾರೋ ಮಡಿಸಿ ಇಟ್ಟಿದ್ದರು. ನನ್ನ ದಿಂಬಿನ ಚೀಲ, ನಾನೇ ಹಾಕಿದ ನೀಲಿ ಹೊಲಿಗೆ. ಅದು ನನಗೆ ಗುರುತು ಸಿಗಲ್ವಾ?